ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ?

(ರಾಜಾಜಿನಗರದಲ್ಲಿ ನಡೆದ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಹೊಡೆತ-ಬಡಿತಗಳ ಬಗ್ಗೆ ಮಾತಾಡಲು ಸೇರಿರುವ ಈ ಸಭೆಯಲ್ಲಿ ಸಿನಿಮಾ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾವಿರುವುದು ಸಿನಿಮಾದ ನೆರೆಯಲ್ಲಿ. ಒಂದು ಕಡೆ ನವರಂಗ್ ಚಿತ್ರಮಂದಿರ, ಇನ್ನೊಂದು ಕಡೆ ನಂದಿನಿ ಬಡಾವಣೆಯ ಹತ್ತಿರ ಕಂಠೀರವ ಸ್ಟುಡಿಯೋ. ವಾರವಿಡೀ ದುಡಿದ ಹೆಂಗಸು ಮೂರು ಗಂಟೆ ನೆಮ್ಮದಿಯಾಗಿ ಕೂತು ನೋಡುವುದು ಸಿನಿಮಾವನ್ನೇ; ಚಿತ್ರಮಂದಿರಕ್ಕೆ ಹೋಗಲಾಗದಿದ್ದರೆ ಟಿ.ವಿ.ಯಲ್ಲಿ. ಗಂಡ ಎಂದರೆ ಹೇಗಿರಬೇಕು, ಹೆಂಡತಿ ಎಷ್ಟು ತಾಳಬೇಕು ಎಂಬ ಪಾಠವನ್ನು ನಾನು ಕಾಲೇಜಿನಲ್ಲಿ ಹೇಳಿಕೊಡಲಿಲ್ಲ. ಆದರೆ ನನ್ನ ತರಗತಿಗೆ ಬಂದ ಹುಡುಗ ಹುಡುಗಿಯರೆಲ್ಲ ಅದನ್ನು ಎಲ್ಲೋ ಕಲಿತೇ ಬಂದಿದ್ದರು.

ಸಿನಿಮಾದಲ್ಲಿ ಕೆನ್ನೆಗೆ ಹೊಡೆಯುವ ದೃಶ್ಯವನ್ನು ಹೇಗೆ ತಯಾರಿಸುತ್ತಾರೆ ಎಂಬುದರಿಂದ ಆರಂಭಿಸೋಣ. ನಟನ ಕೈ ನಟಿಯ ಕೆನ್ನೆಗೆ ತಾಗಬೇಕಾಗಿಲ್ಲ. ಕೈ ಮುಖದ ಮುಂದೆ ಹಾದುಹೋಗುವಾಗ ನಡುವಿನ ಅಂತರ ಕಾಣದ ಹಾಗೆ ಕ್ಯಾಮೆರಾ ಇಡುತ್ತಾರೆ. ಆಕೆ ಸರಿಯಾದ ಗಳಿಗೆಗೆ ಮುಖ ತಿರುಗಿಸುತ್ತಾಳೆ. 'ಛಟೀರ್' ಎನ್ನುವ ಸದ್ದನ್ನು ಆಮೇಲೆ ಧ್ವನಿಮುದ್ರಣದಲ್ಲಿ ಸೇರಿಸುತ್ತಾರೆ. ಏಟು ಬಿದ್ದಿಲ್ಲ, ಸದ್ದು ಮಾತ್ರ ಇದೆ. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಏಟು ಬೀಳುತ್ತದೆ, ಸದ್ದು ಹೊರಗೆ ಹೋಗದಂತೆ ಬಾಗಿಲು ಹಾಕುತ್ತಾರೆ, ಟಿ.ವಿ. ಜೋರು ಮಾಡುತ್ತಾರೆ.

ಆ ಏಟಿನ ನಂತರ ಸಂಕಲನಕಾರ ಯಾರ ಮುಖ ತೋರಿಸುತ್ತಾನೆ ಎಂಬುದು ಮುಖ್ಯ. ಹೊಡೆದ ಗಂಡಿನ ಗಂಭೀರ ಮುಖ ತೋರಿಸಿ ಹಿನ್ನೆಲೆ ಸಂಗೀತ ಏರಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಹೊಡೆಸಿಕೊಂಡವಳ ಮುಖದ ಮೇಲೆ ಸುಮ್ಮನೆ ಹತ್ತು ಸೆಕೆಂಡು ನಿಂತರೆ ಅದೇ ಜನ ತಲೆ ತಗ್ಗಿಸುತ್ತಾರೆ. ನಟರು ಅವರೇ, ಮಾತೂ ಅದೇ. ಬದಲಾದದ್ದು ಕ್ಯಾಮೆರಾ ನಿಂತ ಜಾಗ ಮಾತ್ರ. ತಾಂತ್ರಿಕ ಎನ್ನಿಸಿಕೊಳ್ಳುವ ಈ ತೀರ್ಮಾನದಲ್ಲಿ ನ್ಯಾಯ ಅನ್ಯಾಯದ ತೀರ್ಮಾನವೂ ಸೇರಿದೆ.

ಬಿ.ಎ. ತರಗತಿಗೆ ನಾನು ಷೇಕ್ಸ್‌ಪಿಯರನ 'ಟೇಮಿಂಗ್ ಆಫ್ ದ ಶ್ರೂ' ನಾಟಕದ ಪಾಠ ಮಾಡಿದ್ದೇನೆ. ಗಯ್ಯಾಳಿ ಹೆಣ್ಣನ್ನು ಗಂಡ ಪಳಗಿಸುವ ಕಥೆ. ಕನ್ನಡ ಪ್ರೇಕ್ಷಕರಿಗೆ ಇದು 1989ರಲ್ಲಿ ಜಯಭೇರಿ ಹೊಡೆದ 'ನಂಜುಂಡಿ ಕಲ್ಯಾಣ'ದ ಮೂಲಕ ಗೊತ್ತು. ಷೇಕ್ಸ್‌ಪಿಯರನ ಗಂಡ ಹೆಂಡತಿಗೆ ಹೊಡೆಯುವುದಿಲ್ಲ. ಅಡುಗೆ ಸರಿಯಿಲ್ಲವೆಂದು ಊಟ ಕೊಡುವುದಿಲ್ಲ, ಹಾಸಿಗೆ ಸರಿಯಿಲ್ಲವೆಂದು ನಿದ್ದೆ ಮಾಡಲು ಬಿಡುವುದಿಲ್ಲ. ಎಲ್ಲವೂ ಅವಳ ಮೇಲಿನ ಪ್ರೀತಿಯಿಂದಲೇ ಎನ್ನುತ್ತಾನೆ. ಇಷ್ಟು ಹೇಳುವಾಗ ಹುಡುಗರು ನಗುತ್ತಿದ್ದರು. ಕೆಲವು ಹುಡುಗಿಯರು ನಗುತ್ತಿರಲಿಲ್ಲ. ಅವರಿಗೆ ಆ ಮನೆ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಕನ್ನಡ ಸಿನಿಮಾ ಹೆಣ್ಣಿನ ಪಕ್ಕದಲ್ಲಿ ನಿಂತೇ ಇಲ್ಲವೇ? ನಿಂತಿದೆ. ನಿಂತಾಗಲೆಲ್ಲ ಅದರ ಹಿಂದೆ ಬಹುಮಟ್ಟಿಗೆ ಒಬ್ಬ ಹೆಣ್ಣಿನ ಬರವಣಿಗೆ ಇದ್ದದ್ದನ್ನು ನಾವು ಗಮನಿಸಬೇಕು.

1967ರಲ್ಲಿ ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರ 'ಬೆಳ್ಳಿಮೋಡ' ಕಾದಂಬರಿಯನ್ನು ಚಿತ್ರ ಮಾಡಿದರು. ಆಸ್ತಿಗೆ ಒಬ್ಬಳೇ ವಾರಸುದಾರಳಾದ ಇಂದಿರೆಯನ್ನು ಮದುವೆಯಾಗಲು ಒಪ್ಪಿದ ಮೋಹನ ಅವಳ ತಂದೆಯ ದುಡ್ಡಿನಲ್ಲಿ ವಿದೇಶದಲ್ಲಿ ಓದಿ ಬರುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟಿರುತ್ತಾನೆ. ಆಸ್ತಿ ಕೈತಪ್ಪಿತೆಂದು ಮೋಹನ ಹಿಂದೆ ಸರಿಯುತ್ತಾನೆ. ಮುಂದೆ ಅಪಘಾತವಾಗಿ ಹಾಸಿಗೆ ಹಿಡಿದ ಅವನಿಗೆ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗೋಣ ಎಂದಾಗ ಒಲ್ಲೆ ಎನ್ನುತ್ತಾಳೆ. ವರದಕ್ಷಿಣೆ ಎಂಬ ಶಬ್ದ ಬಳಸದೆಯೂ ಇದು ವರದಕ್ಷಿಣೆಯ ಕಥೆಯೇ. ನಮ್ಮ ವಿಜಯನಗರ, ಬಸವೇಶ್ವರನಗರಗಳಲ್ಲಿ 'ನಾವೇನೂ ಕೇಳುವುದಿಲ್ಲ, ಹುಡುಗನ ಓದಿಗೆ ಸ್ವಲ್ಪ ಸಹಾಯ ಮಾಡಿ' ಎಂದು ಬರುವ ಬೀಗರು ಮೋಹನನ ಬಳಗದವರೇ. ಕರುಣೆ ತೋರಿಸುವುದು ಬೇರೆ, ಕೊರಳೊಡ್ಡುವುದು ಬೇರೆ ಎಂದು ಕಲ್ಪನಾ ಮಾಡಿದ ಆ ಪಾತ್ರ ತೋರಿಸಿಕೊಟ್ಟಿತು. ಮದುವೆಯಲ್ಲಿ ಮುಗಿಯದೆ, ಮದುವೆಯನ್ನು ನಿರಾಕರಿಸಿ ಮುಗಿದ ಚಿತ್ರ ಅದು.

ತ್ರಿವೇಣಿಯವರದೇ 'ಶರಪಂಜರ' 1971ರಲ್ಲಿ ತೆರೆಗೆ ಬಂತು. ಬಾಣಂತನದಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ಗಂಡನ ವಂಚನೆ ಮತ್ತು ಎಲ್ಲರೂ ಅವಳನ್ನು 'ಹುಚ್ಚಿ' ಎಂದು ನೋಡುವ ನೋಟ. ಸಹಾಯ ಕೇಳಿ ಬರುವ ಎಷ್ಟೋ ಹೆಂಗಸರ ಗಂಡಂದಿರು ಮೊದಲು ಹೇಳುವ ಮಾತು, 'ಅವಳಿಗೆ ತಲೆ ಸರಿಯಿಲ್ಲ ಮೇಡಂ' ಎಂದೇ ಅಲ್ಲವೇ? ಮೈಮೇಲೆ ಗಾಯದ ಗುರುತೇ ಇಲ್ಲದ ಹಿಂಸೆಯನ್ನು ಆ ಚಿತ್ರ ಸಾವಿರಾರು ಜನಕ್ಕೆ ಕಾಣಿಸಿತು. ಇದರಲ್ಲಿ ಪುಟ್ಟಣ್ಣನವರ ಪಾಲು ದೊಡ್ಡದು, ಕಲ್ಪನಾ ಅವರದೂ ದೊಡ್ಡದು. ಆದರೆ ತ್ರಿವೇಣಿ ಈ ಎರಡು ಚಿತ್ರಗಳನ್ನೂ ನೋಡಲಿಲ್ಲ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡಿದ್ದರು.

ಇನ್ನೊಬ್ಬರು ಎಂ.ಕೆ. ಇಂದಿರಾ. ಹನ್ನೆರಡನೆಯ ವಯಸ್ಸಿಗೆ ಮದುವೆ, ಅಲ್ಲಿಗೆ ಶಾಲೆ ಮುಗಿಯಿತು. ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಸುಮಾರಿಗೆ. ಅವರ 'ಫಣಿಯಮ್ಮ' ತಮ್ಮ ಬಂಧುವರ್ಗದ ಒಬ್ಬ ಬಾಲವಿಧವೆಯ ನಿಜ ಬದುಕಿನಿಂದ ಹುಟ್ಟಿದ ಕೃತಿ. ಅದನ್ನು ಚಿತ್ರ ಮಾಡಿದವರು ಪ್ರೇಮಾ ಕಾರಂತ. 1983ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಪ್ರೇಮಾ ಅವರನ್ನು ಬಿ.ವಿ. ಕಾರಂತರ ಹೆಂಡತಿ ಎಂದು ಪರಿಚಯಿಸಿ ಮುಗಿಸುವವರೇ ಹೆಚ್ಚು. ಅವರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, ಬೆನಕ ಮಕ್ಕಳ ಕೇಂದ್ರ ಕಟ್ಟಿದವರು, 'ಹಂಸಗೀತೆ' ಚಿತ್ರಕ್ಕೂ ಎಷ್ಟೋ ನಾಟಕಗಳಿಗೂ ವಸ್ತ್ರವಿನ್ಯಾಸ ಮಾಡಿದವರು.

ವಸ್ತ್ರವಿನ್ಯಾಸ ಎಂದರೆ ಅಲಂಕಾರವಲ್ಲ. ಹತ್ತು ವರ್ಷ ಉಟ್ಟ ಸೀರೆಯ ಅಂಚು ಎಲ್ಲಿ ಸವೆಯುತ್ತದೆ, ಮಡಿಹೆಂಗಸು ತಲೆಯ ಮೇಲಿನ ಸೆರಗನ್ನು ಎಷ್ಟು ಸಲ ಎಳೆದುಕೊಳ್ಳುತ್ತಾಳೆ ಎಂಬುದು ಗೊತ್ತಿರಬೇಕು. ಈ ತಿಳಿವಳಿಕೆ ಇದ್ದವರು ನಿರ್ದೇಶನಕ್ಕೆ ಬಂದರೆ ವಿಧವೆ ಕಣ್ಣೀರಿನ ಗೊಂಬೆಯಾಗಿ ಉಳಿಯುವುದಿಲ್ಲ. ಎಲ್.ವಿ. ಶಾರದಾ ಅಭಿನಯಿಸಿದ ಫಣಿಯಮ್ಮ ಅಬ್ಬರಿಸಿ ಮಾತಾಡುವುದಿಲ್ಲ. ಕೆಲಸ ಮಾಡುತ್ತಾಳೆ, ನೋಡುತ್ತಾಳೆ, ಯೋಚಿಸುತ್ತಾಳೆ. ಕಿರಿಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರವಾಗಿ ನಿಲ್ಲುತ್ತಾಳೆ. ತಾನು ಪಟ್ಟ ಪಾಡನ್ನು ಮುಂದಿನವಳೂ ಪಡಲಿ ಎನ್ನುವುದಿಲ್ಲ. 'ನಾವೆಲ್ಲ ಸಹಿಸಿಕೊಳ್ಳಲಿಲ್ಲವೇ' ಎಂದು ಸೊಸೆಗೆ ಹೇಳುವ ಅತ್ತೆಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಅದೇ 1983ರ ಡಿಸೆಂಬರಿನಲ್ಲಿ ದಂಡಸಂಹಿತೆಗೆ 498-ಎ ಸೇರಿತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಬೈಗುಳ, ಅವಮಾನ, ಖರ್ಚಿಗೆ ಕಾಸು ಕೊಡದಿರುವುದು, ಇವನ್ನೂ ಹಿಂಸೆ ಎಂದು ಹೆಸರಿಟ್ಟು ಕರೆಯಿತು. ಕಾನೂನು ಇದನ್ನು ಹೇಳುವ ಎಷ್ಟೋ ಮೊದಲೇ ತ್ರಿವೇಣಿಯವರಂಥ ಲೇಖಕಿಯರು ಹೇಳಿದ್ದರು.

ಈಗ ದಾರಿ ಅಗಲವಾಗಿದೆ. ಕವಿತಾ ಲಂಕೇಶ್, ಸುಮನಾ ಕಿತ್ತೂರು, ಚಂಪಾ ಶೆಟ್ಟಿ, ರೂಪಾ ರಾವ್ ಚಿತ್ರ ನಿರ್ದೇಶಿಸಿದ್ದಾರೆ. ಆದರೆ ಕ್ಯಾಮೆರಾದ ಹಿಂದಿನ ಕೆಲಸದ ಜಾಗ ಹೇಗಿದೆ? ಕೇರಳದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2019ರ ಕೊನೆಗೆ ಸಲ್ಲಿಕೆಯಾದರೂ ಜನರ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ಲೈಂಗಿಕ ಕಿರುಕುಳದ ಜೊತೆಗೆ, ಚಿತ್ರೀಕರಣದ ಜಾಗದಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ ಎಂಬ ಮಾತುಗಳೂ ಅದರಲ್ಲಿವೆ. ಕರ್ನಾಟಕದಲ್ಲೂ ಇಂಥ ಸಮಿತಿ ಬೇಕೆಂದು ನಮ್ಮ ಕಲಾವಿದರು, ಬರಹಗಾರರು ಆ ವರ್ಷವೇ ಸರ್ಕಾರವನ್ನು ಕೇಳಿದರು. ನೀರು ಕುಡಿಯಲೂ ಹಿಂಜರಿದು ದಿನವಿಡೀ ದುಡಿಯುವ ಹೆಣ್ಣಿನಿಂದ ಹೆಣ್ಣಿನ ಘನತೆಯ ಚಿತ್ರ ಬರಲಿ ಎಂದರೆ ಎಲ್ಲಿಂದ ಬಂದೀತು?

ಕೊನೆಗೆ ನಾವು ಮಾಡಬಹುದಾದ ಒಂದೆರಡು ಕೆಲಸ. ನಿಮ್ಮ ನಿಮ್ಮ ಸಂಘಗಳಲ್ಲಿ, ಕೆಂಗೇರಿಯಾಗಲಿ ಕಾಮಾಕ್ಷಿಪಾಳ್ಯವಾಗಲಿ, ತಿಂಗಳಿಗೊಂದು ಚಿತ್ರ ಕೂತು ನೋಡಿ. ನೋಡಿದ ಮೇಲೆ ಕೇಳಿಕೊಳ್ಳಿ: ಏಟು ಬಿದ್ದಾಗ ಕ್ಯಾಮೆರಾ ಯಾರ ಪಕ್ಕದಲ್ಲಿತ್ತು? ಕಥೆ ಯಾರದು? ಮದುವೆಯ ಮಾರನೆಯ ದಿನ ಏನಾಯಿತೆಂದು ತೋರಿಸಿದರೇ? ಈಗ ನಮ್ಮ ಹುಡುಗಿಯರ ಕೈಯಲ್ಲಿರುವ ಮೊಬೈಲ್ ಕೂಡ ಕ್ಯಾಮೆರಾವೇ. ಅವರು ಚಿತ್ರ ಮಾಡಲಿ. ಆದರೆ ನೊಂದವಳ ಮುಖ ತೋರಿಸುವ ಮೊದಲು ಅವಳನ್ನು ಕೇಳಲಿ. ಬೇಡ ಎಂದರೆ ಅವಳ ಕೈ, ಅವಳ ಕೆಲಸ, ಅವಳ ದನಿ ಸಾಕು. ಅವಳ ನೋವು ಇನ್ನೊಬ್ಬರ ಚಪ್ಪಾಳೆಗೆ ಸರಕಾಗಬಾರದು.

ನನ್ನ ಮಾತು ಇಷ್ಟು. ನೀವು ಈಚೆಗೆ ನೋಡಿದ ಒಂದು ಚಿತ್ರ ನೆನಪು ಮಾಡಿಕೊಳ್ಳಿ, ಅಲ್ಲಿಂದಲೇ ಚರ್ಚೆ ಶುರುಮಾಡೋಣ.