ಬೀಡಿ ಸೇದದವರ ಕೆಮ್ಮು

ತುಮಕೂರು ತಾಲ್ಲೂಕಿನ ಕೋರ ಹೋಬಳಿಯ ಹಳ್ಳಿಯೊಂದರಿಂದ ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ಗೃಹಿಣಿಯೊಬ್ಬರು ನನ್ನ ಬಳಿಗೆ ಬಂದಿದ್ದರು. ಬಿಡದ ಒಣಕೆಮ್ಮು, ಬಲ ಹೆಗಲಿನಲ್ಲಿ ನೋವು. ನಾನು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಾರೇನಮ್ಮ?" ಎಂಬುದು. "ಯಾರೂ ಇಲ್ಲ ಸ್ವಾಮಿ. ನಮ್ಮ ಯಜಮಾನ್ರು ಎಲೆಅಡಿಕೆ ಕೂಡ ಹಾಕಲ್ಲ" ಎಂದರು. ಆ ಉತ್ತರ ಕೇಳಿದ ಮೇಲೆ ಒಂದು ಕಾಯಿಲೆಯ ಹೆಸರನ್ನು ನನ್ನ ಮನಸ್ಸಿನಿಂದ ತೆಗೆದುಹಾಕಿಬಿಟ್ಟೆ. ಧೂಳಿನ ಅಲರ್ಜಿ ಇರಬಹುದೆಂದು ಮಾತ್ರೆ, ಕೆಮ್ಮಿನ ಔಷಧ ಬರೆದುಕೊಟ್ಟೆ.

ತಿಂಗಳ ನಂತರ ಮತ್ತೆ ಬಂದಾಗ ಎಕ್ಸ್-ರೇ ತೆಗೆಸಿದೆವು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಕಂಡಿತು. ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ಆದರೂ ನೆರಳನ್ನು ನೋಡಿ ಬೇರೆಡೆ ಕ್ಷಯದ ಚಿಕಿತ್ಸೆ ಆರಂಭವಾಯಿತು. ಎರಡು ತಿಂಗಳು ಮಾತ್ರೆ ನುಂಗಿದರೂ ಕೆಮ್ಮು ಇಳಿಯಲಿಲ್ಲ, ತೂಕ ಮಾತ್ರ ಇಳಿಯಿತು. ಕೊನೆಗೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿದಾಗ ಅದು ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಅಷ್ಟರಲ್ಲಿ ಮೂಳೆಗೂ ಹರಡಿತ್ತು. ಕೆಮ್ಮಿನಿಂದ ಕಾಯಿಲೆಯ ಹೆಸರಿಗೆ ತಲುಪಲು ಸುಮಾರು ಐದು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಒಂದು ತಿಂಗಳು ಪೂರ್ತಿ ನನ್ನ ಲೆಕ್ಕಕ್ಕೆ ಸೇರಿದ್ದು.

ವಿಷಯ ತಿಳಿಸಿದಾಗ ಆಕೆ ಅಳಲಿಲ್ಲ. "ನಾನೇನು ಬೀಡಿ ಸೇದ್ತಿದ್ನಾ ಸ್ವಾಮಿ? ನಾಳೆ ನೆಂಟರು ಇಷ್ಟರು ಏನಂದ್ಕೋತಾರೆ?" ಎಂದು ಕೇಳಿದರು. ಪ್ರಾಣಕ್ಕೆ ಬಂದಿರುವ ಹೊತ್ತಿನಲ್ಲಿ ಆ ತಾಯಿಗೆ ಮೊದಲು ಎದುರಾದದ್ದು ಮಾನದ ಪ್ರಶ್ನೆ. ನಾನು ಇಂದು ಮಾತನಾಡಬೇಕೆಂದಿರುವುದು ಇದರ ಬಗ್ಗೆಯೇ.

ಧೂಮಪಾನ ಶ್ವಾಸಕೋಶದ ಕ್ಯಾನ್ಸರಿಗೆ ಅತಿ ಮುಖ್ಯ ಕಾರಣ ಎಂಬುದರಲ್ಲಿ ಸಂದೇಹವಿಲ್ಲ. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲೇ ಈ ನಂಟನ್ನು ಅಂಕಿಅಂಶಗಳ ಸಮೇತ ತೋರಿಸಿದರು. ನಮ್ಮ ದೇಶದಲ್ಲಿ 2009ರ ಮೇ 31ರಿಂದ ತಂಬಾಕಿನ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರಗಳು ಬಂದವು. ಸಿಗರೇಟಿನ ಪ್ಯಾಕಿನ ಮೇಲೆ ಎದೆಯ ಎಕ್ಸ್-ರೇ ಚಿತ್ರವೂ ಇತ್ತು. ಇದು ಬೇಕಾದ ಕೆಲಸವೇ. ಆದರೆ ಇಷ್ಟು ವರ್ಷ ಹೇಳಿದ್ದನ್ನೇ ಹೇಳಿ, "ಸೇದಿದವರಿಗೆ ಬರುತ್ತದೆ" ಎಂಬ ಮಾತು ಜನರ ಮನಸ್ಸಿನಲ್ಲಿ "ಸೇದಿದವರಿಗೆ ಮಾತ್ರ ಬರುತ್ತದೆ" ಎಂದಾಗಿಬಿಟ್ಟಿದೆ. ಜನರ ಮನಸ್ಸಿನಲ್ಲಿ ಎಂದೆ. ವೈದ್ಯರ ಮನಸ್ಸನ್ನೂ ಸೇರಿಸಬೇಕು.

ವಾಸ್ತವ ಹಾಗಿಲ್ಲ. ಭಾರತದಲ್ಲಿ ಈ ಕಾಯಿಲೆಗೆ ತುತ್ತಾಗುವ ಹೆಂಗಸರಲ್ಲಿ ಹೆಚ್ಚಿನವರು ಎಂದೂ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಇತರರು ಸೇದಿ ಬಿಟ್ಟ ಹೊಗೆ, ಕಲ್ಲು ಒಡೆಯುವಲ್ಲಿ ಏಳುವ ಸಿಲಿಕಾ ಧೂಳು, ಕಲ್ನಾರು, ನೆಲದಿಂದ ಹೊಮ್ಮುವ ರೇಡಾನ್ ಅನಿಲ, ಇವೆಲ್ಲ ಕಾರಣವಾಗಬಲ್ಲವು. ಹೊರಗಿನ ಗಾಳಿಯ ಮಾಲಿನ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಖಚಿತ ಕಾರಣಗಳ ಪಟ್ಟಿಗೆ ಸೇರಿಸಿತು. ಸೌದೆ ಒಲೆಯ ಹೊಗೆಯನ್ನು ಅದೇ ಸಂಸ್ಥೆ ಬಹುಶಃ ಕಾರಣವಾಗಬಲ್ಲದ್ದು ಎಂದು ಗುರುತಿಸಿದೆ. ನಮ್ಮ ತೆಂಗಿನ ಸೀಮೆಯಲ್ಲಿ ಸೋಗೆ, ಮಟ್ಟೆ, ಚಿಪ್ಪು ಉರಿಸಿ ಮೂವತ್ತು ನಲವತ್ತು ವರ್ಷ ಅಡಿಗೆ ಮಾಡಿದ ತಾಯಂದಿರು ಎಷ್ಟು ಮಂದಿ! ಗ್ಯಾಸ್ ಬಂದ ಮೇಲೂ ಸ್ನಾನದ ನೀರು ಕಾಯುವುದು ಹಂಡೆಯೊಲೆಯಲ್ಲೇ. ಇನ್ನು ಕೆಲವರಲ್ಲಿ ಇಂಥದ್ದೇ ಕಾರಣವೆಂದು ಹೇಳಲು ಏನೂ ಸಿಗುವುದಿಲ್ಲ.

ಹಾಗಾದರೆ ಸೇದುವವರಾದರೂ ಬೇಗ ಬರುತ್ತಾರೆಯೇ? ಅದೂ ಇಲ್ಲ. ಅವರ ಕಥೆ ಬೇರೆ. ಬೆಳಗಿನ ಕೆಮ್ಮು ಅವರಿಗೆ ಅಭ್ಯಾಸವಾಗಿ ಹೋಗಿರುತ್ತದೆ. ಅದರ ಸದ್ದು ಬದಲಾದರೂ, ಧ್ವನಿ ಒಡೆದರೂ, ಕಫದಲ್ಲಿ ರಕ್ತದ ಗೆರೆ ಕಂಡರೂ ಹೆಂಡತಿಗೆ ಹೇಳುವುದಿಲ್ಲ. ಹೇಳಿದರೆ ಬೈಗುಳ ಕಾದಿದೆ. ಆಸ್ಪತ್ರೆಗೆ ಬಂದರೂ, ಜೊತೆಯಲ್ಲಿ ಮಗನೋ ಸೊಸೆಯೋ ನಿಂತಿರುವಾಗ "ದಿನಕ್ಕೆ ಎಷ್ಟು ಕಟ್ಟು ಬೀಡಿ?" ಎಂದು ನಾವು ಗಟ್ಟಿಯಾಗಿ ಕೇಳುತ್ತೇವೆ. "ಬಿಟ್ಟು ಎಷ್ಟೋ ವರ್ಷವಾಯಿತು" ಎಂಬ ಸುಳ್ಳು ಹೊರಡುತ್ತದೆ. ಆ ಸುಳ್ಳನ್ನು ನಾವೇ ಬರಮಾಡಿಕೊಂಡಂತೆ. ಸೇದುವ ವಿಷಯವನ್ನು ಕೇಳಲೇಬೇಕು, ಆದರೆ ಉಳಿದವರನ್ನು ಹೊರಗೆ ಕೂರಿಸಿ ಕೇಳಬೇಕು.

ಕಾಯಿಲೆ ಗೊತ್ತಾದ ಮೇಲೂ "ಮಾಡಿದ್ದುಣ್ಣೋ ಮಹಾರಾಯ" ಎನ್ನುವವರಿಗೆ ಕೊರತೆಯಿಲ್ಲ. ಸಕ್ಕರೆ ಕಾಯಿಲೆಯವರಿಗೆ, ಹೃದಯದ ತೊಂದರೆಯವರಿಗೆ ನಾವು ಇಷ್ಟು ನಿಷ್ಠುರವಾಗಿ ಲೆಕ್ಕ ಕೇಳುವುದಿಲ್ಲ. ರೋಗಿಯೇ ತನ್ನನ್ನು ತಪ್ಪಿತಸ್ಥನೆಂದು ಭಾವಿಸಿ, ಮಕ್ಕಳ ದುಡ್ಡು ನನಗೇಕೆ ಸುರಿಯಬೇಕು ಎಂದು ಚಿಕಿತ್ಸೆ ಬೇಡವೆನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ಹೀಗೆ ಒಬ್ಬರು ಸೇದುವುದಿಲ್ಲವೆಂಬ ಧೈರ್ಯದಿಂದ, ಇನ್ನೊಬ್ಬರು ಸೇದಿದೆನೆಂಬ ನಾಚಿಕೆಯಿಂದ ತಡಮಾಡುತ್ತಾರೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರಿನ ರೋಗಿಗಳಲ್ಲಿ ಬಹುಪಾಲು ಮಂದಿ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ ಬರುತ್ತಾರೆ. ಮೊದಲ ಹಂತದಲ್ಲಿ ಸಿಕ್ಕರೆ ಗಡ್ಡೆ ಇರುವ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಗುಣಪಡಿಸುವ ಅವಕಾಶವಿದೆ. ಹರಡಿದ ಮೇಲೆ ಆ ಅವಕಾಶ ಬಹಳ ಕಡಿಮೆ.

ಕ್ಷಯದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕ್ಷಯ ಹೆಚ್ಚು. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸುವುದು ಸರಿಯಾದ ಕ್ರಮವೇ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ತೊಂದರೆ ಅದರ ಮುಂದಿನದು. ಕಫದಲ್ಲಿ ರೋಗಾಣು ಇಲ್ಲ, ಔಷಧ ತೆಗೆದುಕೊಂಡರೂ ಗುಣವಿಲ್ಲ ಎಂದಾಗ ಆರು ತಿಂಗಳ ಚಿಕಿತ್ಸೆ ಮುಗಿಯಲೆಂದು ಕಾಯುತ್ತ ಕೂರಬಾರದು. "ಇದು ಬೇರೆ ಏನಾದರೂ ಇರಬಹುದೇ, ಸಿ.ಟಿ. ಸ್ಕ್ಯಾನ್ ಬೇಕೇ?" ಎಂದು ವೈದ್ಯರನ್ನು ಕೇಳಿ. ಕೇಳಿದರೆ ಡಾಕ್ಟರು ಬೇಸರಪಟ್ಟುಕೊಳ್ಳುತ್ತಾರೆಂಬ ಸಂಕೋಚ ಬೇಡ. ಆದರೆ ಕ್ಷಯವೆಂದು ಖಚಿತವಾದವರು ಈ ಮಾತು ಕೇಳಿ ಮಾತ್ರೆ ನಿಲ್ಲಿಸಬಾರದು.

ಬಹಳ ವರ್ಷ ಹೆಚ್ಚು ಸೇದಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ತಪಾಸಣೆ ಮಾಡಿದರೆ ಈ ಕ್ಯಾನ್ಸರಿನ ಸಾವುಗಳು ಶೇಕಡ 20ರಷ್ಟು ತಗ್ಗುತ್ತವೆಂದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ತೈವಾನ್ 2022ರಲ್ಲಿ ಆರಂಭಿಸಿದ ತಪಾಸಣೆಯಲ್ಲಿ ಮನೆತನದಲ್ಲಿ ಈ ರೋಗವಿರುವ, ಸೇದದವರನ್ನೂ ಸೇರಿಸಿಕೊಂಡಿದೆ. ನಮ್ಮಲ್ಲಿ ಹಳೆಯ ಕ್ಷಯದ ಕಲೆಗಳೂ ಸ್ಕ್ಯಾನಿನಲ್ಲಿ ಕಾಣುವುದರಿಂದ ಈ ಕೆಲಸ ಅಷ್ಟು ಸುಲಭವಲ್ಲ.

ತಡವಾಗಿ ಬಂದವರೂ ಕೈಚೆಲ್ಲಬೇಕಾಗಿಲ್ಲ. ಗಡ್ಡೆಯ ಚೂರಿನಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನ ಬದಲಾವಣೆಯನ್ನು ಹುಡುಕುತ್ತಾರೆ. ಸೇದದವರಲ್ಲಿ ಇದು ಹೆಚ್ಚಾಗಿ ಸಿಗುತ್ತದೆ, ಸಿಕ್ಕರೆ ನುಂಗುವ ಮಾತ್ರೆಯಿಂದಲೇ ರೋಗವನ್ನು ಎಷ್ಟೋ ಕಾಲ ಹತೋಟಿಯಲ್ಲಿಡಬಹುದು. ಸೇದುತ್ತಿದ್ದವರು ಕಾಯಿಲೆ ತಿಳಿದ ಮೇಲೆ ಬಿಟ್ಟರೂ ಪ್ರಯೋಜನವಿದೆ. ಕೋರದ ಆ ತಾಯಿಗೆ ಇಂಥ ಮಾತ್ರೆ ಹೊಂದಿತು. ಎರಡು ವರ್ಷ ಹತ್ತಿರ ಮನೆಗೆಲಸ ಮಾಡಿಕೊಂಡೇ ಇದ್ದರು.

ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಒಡೆದ ಧ್ವನಿ, ವಾಸಿಯಾಗದ ಹೆಗಲುನೋವು, ಇವುಗಳಲ್ಲಿ ಯಾವುದಿದ್ದರೂ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಬಂದು ತೋರಿಸಿ. ಹೆಚ್ಚಿನ ಪರೀಕ್ಷೆ, ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಿದೆ. ಹೋಗುವಾಗ ಹಳೆಯ ಎಕ್ಸ್-ರೇ ಫಿಲ್ಮುಗಳನ್ನು ಮರೆಯದೆ ಒಯ್ಯಿರಿ. ಆರು ತಿಂಗಳ ಹಿಂದಿನ ನೆರಳಿಗೂ ಇಂದಿನ ನೆರಳಿಗೂ ಇರುವ ವ್ಯತ್ಯಾಸ ವೈದ್ಯರಿಗೆ ಬಹಳ ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ಅವನ್ನು ಅಟ್ಟದ ಮೇಲೆ ಎಸೆದಿರುತ್ತಾರೆ, ಇಂದೇ ಇಳಿಸಿಟ್ಟುಕೊಳ್ಳಿ.