ಕೆರೆಯ ಏರಿ, ಕರಡಿಯ ಗುಡ್ಡ



ಬೇಲೂರು ಹಳೇಬೀಡುಗಳಿಗೆ ಬರುವ ಯಾತ್ರಿಕರು ಶಿಲ್ಪವನ್ನು ಕಂಡು ಹಿಂದಿರುಗುವರು. ದೇವಾಲಯದ ಬಳಿಯಲ್ಲಿಯೇ ಇರುವ ದ್ವಾರಸಮುದ್ರದ ಕೆರೆಯ ಏರಿಯನ್ನು ಹತ್ತುವವರು ವಿರಳ. ಮುಂಜಾವದಲ್ಲಿ ಅಲ್ಲಿ ನಿಂತು ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳನ್ನು ನೋಡುತ್ತ ನಾವು ಹೊತ್ತನ್ನೇ ಮರೆತಿರುವೆವು. ಈ ವಿನೋದಕ್ಕೆ ಕೋವಿಯೂ ಬೇಡ, ಕಾಸೂ ಬೇಡ. ಹುಲಿಯನ್ನಿರಿದ ಸಳನ ನಾಡಿನಲ್ಲಿಯೂ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಬೇಟೆಯು ಅಪರಾಧವೇ ಸರಿ. (ವಕೀಲರಾದ ನಮಗೆ ಶಾಸನದ ನೆನಪು ಬಿಡದು!)

ಅರಸೀಕೆರೆಯ ಕಡೆಗೆ ಸಾಗಿದರೆ ಮಾತೇ ಬೇರೆ. ಅಲ್ಲಿಯ ಕುರುಚಲು ಗುಡ್ಡಗಳಲ್ಲಿ ಕರಡಿ ಚಿರತೆಗಳು ಇಂದಿಗೂ ಇರುವುವು. ಗೆದ್ದಲು, ಜೇನು, ಹಣ್ಣುಗಳನ್ನು ಅರಸುತ್ತ ಕರಡಿಯು ರಾತ್ರಿ ಹೊಲತೋಟಗಳಿಗೂ ಇಳಿಯುವುದು. ಅದರ ಹೆಜ್ಜೆಯ ಗುರುತು ಕಂಡರೆ ನಮಗೆ ಸಂತೋಷ. ನಸುಕಿನಲ್ಲಿ ನೀರು ಹಾಯಿಸಲು ಹೊರಟ ರೈತನಿಗೆ ಪ್ರಾಣಭಯ. ಹೊಲವು ಆತನದು, ನಾವು ಅತಿಥಿಗಳು. ಆದುದರಿಂದ ಗುಡ್ಡಕ್ಕೆ ಹೋಗುವ ತರುಣರು ಊರ ಹಿರಿಯರ ಅಪ್ಪಣೆ ಪಡೆಯತಕ್ಕುದು, ಬೆಳೆಯನ್ನು ತುಳಿಯಬಾರದು, ಕತ್ತಲಾಗುವ ಮುನ್ನ ಇಳಿದುಬರತಕ್ಕುದು.

ಇನ್ನೊಂದು ಮಾತು. ಕಾಡುಮೃಗಗಳಿಂದ ಗಾಯಗೊಂಡವರಿಗೆ ಸರಕಾರವು ಪರಿಹಾರ ಕೊಡುವ ನಿಯಮವುಂಟು. ಆದರೆ ಅರ್ಜಿ ಬರೆಯಲಾರದೆ ಸುಮ್ಮನಿರುವವರೂ ಉಂಟು. ಮುಂದಿನ ಸಲ ಹೋಗುವಾಗ, ಬುತ್ತಿಯೊಡನೆ ಕಾಗದ ಲೇಖನಿಗಳನ್ನೂ ಒಯ್ಯಿರಿ.