ಪಕ್ಕದ ಮನೆಯ ಭಯ



ಭಯದ ಕಾದಂಬರಿ ಎಂದೊಡನೆ ಪಾಳು ಕೋಟೆ, ಸ್ಮಶಾನ, ನಡುರಾತ್ರಿಯ ದೆವ್ವ ನೆನಪಾಗುವುದು ಸಹಜ. 1959ರಲ್ಲಿ ಪ್ರಕಟವಾದ ರಾಬರ್ಟ್ ಬ್ಲಾಕ್‌ನ ‘ಸೈಕೋ’ ಆ ಭಯವನ್ನು ಗಿರಾಕಿಗಳಿಲ್ಲದೆ ಬಿಕೋ ಎನ್ನುವ ಒಂದು ಮೋಟೆಲಿಗೆ ತಂದಿಳಿಸಿತು.

ಅದರ ಹಿಂದೆ ನಿಜವಾದ ಒಂದು ಘಟನೆಯಿದೆ. 1957ರ ನವೆಂಬರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪ್ಲೇನ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಒಡತಿ ಕಾಣೆಯಾದರು. ಅಂಗಡಿಯಲ್ಲಿ ಸಿಕ್ಕ ರಸೀತಿಯ ಜಾಡು ಪೊಲೀಸರನ್ನು ಎಡ್ ಗೀನ್ ಎಂಬಾತನ ತೋಟದ ಮನೆಗೆ ಕರೆದೊಯ್ದಿತು. ಅಲ್ಲಿ ಆಕೆಯ ಶವವೂ ಗೋರಿಗಳಿಂದ ಅಗೆದು ತಂದ ಅವಶೇಷಗಳೂ ಇದ್ದವು. ಊರಿನವರ ಪಾಲಿಗೆ ಆತ ಕರೆದಾಗ ಬಂದು ಕೂಲಿ ಮಾಡಿಕೊಡುವ, ತುಸು ವಿಚಿತ್ರ ಸ್ವಭಾವದ ಸಾಧು ಮನುಷ್ಯ!

ಆಗ ಬ್ಲಾಕ್ ಅದೇ ರಾಜ್ಯದ ವಾಯವೀಗಾದಲ್ಲಿದ್ದ. ಕೃತ್ಯದ ವಿವರಗಳು ಅವನಿಗೆ ಹೆಚ್ಚು ತಿಳಿದಿರಲಿಲ್ಲ. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ತಿಳಿಯುವ ಸಣ್ಣ ಊರಿನಲ್ಲಿ ಇಂಥದ್ದು ಮುಚ್ಚಿಟ್ಟುಕೊಂಡಿದ್ದು ಹೇಗೆ ಎಂಬ ಪ್ರಶ್ನೆಯೇ ಅವನನ್ನು ಕಾಡಿತು. ತಾಯಿಯ ಹಿಡಿತದಿಂದ ಬಿಡಿಸಿಕೊಳ್ಳಲಾರದ ನಾರ್ಮನ್ ಬೇಟ್ಸ್‌ನನ್ನು ಅವನು ಕಲ್ಪಿಸಿಕೊಂಡ. ಗೀನ್‌ನ ಬದುಕಿನಲ್ಲೂ ಅಂಥ ತಾಯಿಯಿದ್ದಳೆಂಬುದು ಅವನಿಗೆ ತಿಳಿದದ್ದು ಆಮೇಲೆ.

ಕಾದಂಬರಿಯ ಕುತೂಹಲದ ಗಂಟು ಮೊದಲ ಅಧ್ಯಾಯದಲ್ಲೇ ಬೀಳುತ್ತದೆ. ತಾಯಿ ಮಗನ ಜಗಳ ಓದುಗನ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೇಳಿದ್ದರಿಂದಲೇ ಆಕೆ ಇದ್ದಾಳೆಂದು ಅವನು ನಂಬುತ್ತಾನೆ. ನಿರೂಪಣೆ ನಾರ್ಮನ್‌ನ ಮನಸ್ಸಿನೊಳಗೇ ಕುಳಿತು, ಅವನಿಗೆ ಕೇಳಿಸಿದ್ದನ್ನಷ್ಟೇ ಹೇಳುತ್ತದೆ. ಎರಡನೆಯ ಓದಿನಲ್ಲಿ ಅದೇ ಮಾತುಗಳಿಗೆ ಬೇರೆಯೇ ಅರ್ಥ ಬರುತ್ತದೆ. ಮೂರನೆಯ ಅಧ್ಯಾಯದಲ್ಲಿ ಇನ್ನೊಂದು ಪೆಟ್ಟು. 40,000 ಡಾಲರ್ ಕದ್ದು ಓಡಿಬಂದ ಮೇರಿ ಕ್ರೇನ್, ಹಿಂದಿರುಗಿ ಹೋಗಲು ನಿಶ್ಚಯಿಸಿದ ಮೇಲೆಯೇ ಕೊಲೆಯಾಗುತ್ತಾಳೆ. ನಾಯಕಿಯೆಂದು ನಂಬಿದವಳೇ ಹೋದಮೇಲೆ ಓದುಗನಿಗೆ ಆಸರೆ ಎಲ್ಲಿ? ಆ ಕೊಲೆ ಪುಸ್ತಕದಲ್ಲಿ ಕೆಲವೇ ಸಾಲು. ಅದನ್ನು ಹಿಗ್ಗಿಸಿದ್ದು 1960ರ ಹಿಚ್‌ಕಾಕ್ ಚಿತ್ರ. ಕಾದಂಬರಿಯ ನಡುವಯಸ್ಸಿನ ಸ್ಥೂಲಕಾಯದ ನಾರ್ಮನ್ ತೆರೆಯ ಮೇಲೆ ಸಪೂರ ತರುಣನಾದ.

ಇಂಥ ಕತೆಗಳಲ್ಲಿ ಒಂದು ಅಪಾಯವೂ ಉಂಟು. ಕೊಲೆಗಾರನ ಹೆಸರು ಲೋಕಕ್ಕೆಲ್ಲ ಗೊತ್ತು. ಸತ್ತವರ ಹೆಸರು ಕೇಳುವವರಿಲ್ಲ. ಬ್ಲಾಕ್‌ನ ಕತೆಯಲ್ಲಿ ಸತ್ತವಳನ್ನು ಮರೆಯದವಳು ತಂಗಿ ಲೈಲಾ. ಊರಿನ ಷೆರೀಫ್‌ಗೆ ನಾರ್ಮನ್ ಹಳೆಯ ಪರಿಚಯ. ಸಂಶಯಪಡಲು ಆತನಿಗೆ ಕಾರಣವೇ ಕಾಣುವುದಿಲ್ಲ. ಲೈಲಾ ಆ ಸಮಾಧಾನಕ್ಕೆ ಒಪ್ಪದೆ ತಾನೇ ಆ ಮನೆಯ ಮೆಟ್ಟಿಲು ಹತ್ತುತ್ತಾಳೆ. ‘ಅವನು ನಮಗೆ ಗೊತ್ತಿರುವವನೇ’ ಎಂಬ ಊರಿನ ನಂಬಿಕೆಯೇ ಇಲ್ಲಿ ಕೊಲೆಗಾರನ ಮುಸುಕು. ಅದು ಜಾರುವುದು ತಂಗಿಯೊಬ್ಬಳು ಕೇಳುವುದನ್ನು ಬಿಡದೆ ಹೋದದ್ದರಿಂದ.